ಕೆಂಪಿನ ಲೆಕ್ಕ

ನೀರಿನೊಳಗೆ ತೆಗೆದ ಚಿತ್ರಗಳನ್ನು ನಾವು ನೋಡುತ್ತೇವೆ, ‘ಅಬ್ಬಾ, ಏನು ಬಣ್ಣ!’ ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಹಕ್ಕಿಯ ಫೋಟೊ ಒಂದನ್ನು ಮುಂದಿಟ್ಟರೆ, ತೇಜಸ್ವಿಯವರನ್ನು ಓದಿ ಬೆಳೆದ ನಮ್ಮ ತಲೆಮಾರಿನವರು ಅದರ ಬೆಳಕು, ಹಿನ್ನೆಲೆ, ಹಕ್ಕಿ ಕೂತ ಗತ್ತು ಎಂದು ಹತ್ತು ಮಾತಾಡಬಲ್ಲರು. ಮೀನಿನ ಫೋಟೊ ಮುಂದಿಟ್ಟರೆ ಮಾತು ಬಣ್ಣದಲ್ಲೇ ಶುರುವಾಗಿ ಬಣ್ಣದಲ್ಲೇ ನಿಲ್ಲುತ್ತದೆ. ಆ ಬಣ್ಣ ಎಲ್ಲಿಂದ ಬಂತು, ಅಲ್ಲಿ ಇದ್ದದ್ದೋ, ಬೆಳಕು ಹಾಕಿ ತಂದದ್ದೋ, ಆಮೇಲೆ ಕೂತು ಹಚ್ಚಿದ್ದೋ ಎಂದು ಯಾರೂ ಕೇಳುವುದಿಲ್ಲ. ಈ ಬರಹದಲ್ಲಿ ನಾನು ಕೇಳಬೇಕೆಂದಿರುವುದು ಅದನ್ನೇ.

ನಾನು ಕಲಾವಿಮರ್ಶಕನಲ್ಲ. ಬಿಕಾಂ, ಆಮೇಲೆ ಸಿಎ, ಆಮೇಲೆ ಮಸ್ಕತ್ತು. ಇಷ್ಟೇ ನನ್ನ ಜಾತಕ. ವಾರದಲ್ಲಿ ಐದು ದಿನ ಬೇರೆಯವರ ಲೆಕ್ಕ ನೋಡಿ, ಶುಕ್ರವಾರ ದೋಣಿ ಹತ್ತಿ ದಿಮಾನಿಯತ್ ದ್ವೀಪಗಳ ಕಡೆ ಹೋಗಿ ನೀರಿಗಿಳಿಯುತ್ತೇನೆ. ಆದರೆ ಲೆಕ್ಕಪರಿಶೋಧನೆಯೂ ಒಂದು ಬಗೆಯ ವಿಮರ್ಶೆಯೇ. ಕಂಪನಿ ತನ್ನ ಬಗ್ಗೆ ತಾನೇ ಒಂದು ಚಿತ್ರ ಬರೆದು ಮುಂದಿಡುತ್ತದೆ. ಆ ಚಿತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ನಾವು ಹೇಳುತ್ತೇವೆ. 1913ರ ಕಂಪನಿ ಕಾಯಿದೆ ಆ ಚಿತ್ರ ‘ಟ್ರೂ ಅಂಡ್ ಕರೆಕ್ಟ್’ ಆಗಿರಬೇಕು ಎನ್ನುತ್ತಿತ್ತು. 1956ರ ಕಾಯಿದೆ ಅದನ್ನು ‘ಟ್ರೂ ಅಂಡ್ ಫೇರ್’ ಎಂದು ಬದಲಿಸಿತು. ಒಂದೇ ಪದದ ಬದಲಾವಣೆ, ಆದರೆ ಹಿಂದೆ ದೊಡ್ಡ ತಿಳಿವಳಿಕೆ ಇದೆ. ಪೈಸೆ ಪೈಸೆಗೂ ಸರಿ ಎನ್ನುವ ಚಿತ್ರ ಯಾರಿಂದಲೂ ಸಾಧ್ಯವಿಲ್ಲ. ಅಂದಾಜು, ಆಯ್ಕೆ, ಹೊಂದಾಣಿಕೆ ಇದ್ದೇ ಇರುತ್ತವೆ. ಅವು ನ್ಯಾಯವಾಗಿರಬೇಕು, ನೋಡುವವನ ದಾರಿ ತಪ್ಪಿಸಬಾರದು. ನೀರಡಿಯ ಬಣ್ಣಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಹೊಸದಾಗಿ ಕ್ಯಾಮೆರಾ ಹಿಡಿದು ನೀರಿಗಿಳಿದ ಪ್ರತಿಯೊಬ್ಬರ ತಕರಾರೂ ಒಂದೇ: ಕಂಡದ್ದು ಒಂದು, ಬಂದದ್ದು ಇನ್ನೊಂದು. ಕಣ್ಣಿಗೆ ಹವಳ ನಸುಗೆಂಪಾಗಿ ಕಂಡಿತ್ತು, ಚಿತ್ರದಲ್ಲಿ ಎಲ್ಲವೂ ನೀಲಿಯಲ್ಲಿ ಅದ್ದಿ ತೆಗೆದ ಹಾಗೆ. ಕಣ್ಣಿನ ಹಿಂದೆ ಮಿದುಳು ಕೂತಿದೆ. ಸುತ್ತಲ ಬೆಳಕು ನೀಲಿಯಾದರೆ ಅದು ಸದ್ದಿಲ್ಲದೆ ಒಂದಷ್ಟು ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಕ್ಯಾಮೆರಾ ಬಿದ್ದ ಬೆಳಕನ್ನು ಬಿದ್ದಷ್ಟೇ ಬರೆದುಕೊಳ್ಳುತ್ತದೆ. ಅಂದರೆ ಮೊದಲ ದಿನದ ಆ ಕೆಟ್ಟ ನೀಲಿ ಫೋಟೊ ಸುಳ್ಳಲ್ಲ. ಅದು ಯಾವ ಹೊಂದಾಣಿಕೆಯೂ ಆಗದ ಕಚ್ಚಾ ರೋಜು ಪುಸ್ತಕ.

ಬಣ್ಣ ಎಲ್ಲಿ ಹೋಗುತ್ತದೆ ಎಂಬುದಕ್ಕೆ ಡೈವಿಂಗ್ ಕಲಿಯುವವರಿಗೆಲ್ಲ ಒಂದು ಪಟ ತೋರಿಸುತ್ತಾರೆ. ಕಾಮನಬಿಲ್ಲಿನ ಪಟ್ಟಿಗಳು ಮೇಲಿನಿಂದ ಕೆಳಗೆ ಇಳಿಯುತ್ತವೆ. ಸುಮಾರು 5 ಮೀಟರಿಗೆ ಕೆಂಪು ಪಟ್ಟಿ ಕಡಿದುಹೋಗುತ್ತದೆ, ಇನ್ನೂ ಕೆಳಗೆ ಕಿತ್ತಳೆ, ಅದಕ್ಕೂ ಕೆಳಗೆ ಹಳದಿ. ಕೊನೆಗೆ ನೀಲಿ ಮಾತ್ರ. ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದ ಈ ಪಟದ ಮೇಲೆ ನನಗೆ ಎರಡು ಆಕ್ಷೇಪಣೆ ಇದೆ. ಆರಂಭಿಕರ ಬಣ್ಣ ಕೆಡುವುದಕ್ಕೆ ಈ ಪಟದ ಪಾಲೂ ಇದೆ ಎಂದೇ ನನ್ನ ಅಭಿಪ್ರಾಯ.

ಮೊದಲನೆಯದು, ಕೆಂಪು ಒಂದು ಗೆರೆ ದಾಟಿದೊಡನೆ ಮಾಯವಾಗುವುದಿಲ್ಲ. ಅದು ಸವೆಯುತ್ತದೆ. ಸವಕಳಿಯಲ್ಲಿ ಎರಡು ಪದ್ಧತಿ ಇವೆ: ವರ್ಷವರ್ಷವೂ ಒಂದೇ ಮೊತ್ತ ಕಳೆಯುವ ಸ್ಟ್ರೈಟ್ ಲೈನ್ ಪದ್ಧತಿ, ಮತ್ತು ಉಳಿದ ಮೊತ್ತದ ಮೇಲೆ ಇಂತಿಷ್ಟು ಶೇಕಡಾ ಕಳೆಯುತ್ತ ಹೋಗುವ ರಿಟನ್ ಡೌನ್ ವ್ಯಾಲ್ಯೂ ಪದ್ಧತಿ. ಸಮುದ್ರ ಅನುಸರಿಸುವುದು ಎರಡನೆಯದನ್ನು. 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು ತೆಗೆದುಕೊಳ್ಳಿ. ಶುದ್ಧ ನೀರಿನಲ್ಲಿ ಅದು ಒಂದೊಂದು ಮೀಟರಿಗೂ ಹೆಚ್ಚುಕಡಿಮೆ ಶೇಕಡಾ 29ರಷ್ಟು ಕಳೆದುಕೊಳ್ಳುತ್ತದೆ. 100 ಇದ್ದದ್ದು 1 ಮೀಟರಿಗೆ 71, 2ಕ್ಕೆ 51, 3ಕ್ಕೆ 36, 5ಕ್ಕೆ 18, 10ಕ್ಕೆ 3 ಚಿಲ್ಲರೆ. ಅದೇ 450 ನ್ಯಾನೋಮೀಟರಿನ ನೀಲಿ 10 ಮೀಟರ್ ದಾಟಿದ ಮೇಲೂ 91ರಷ್ಟು ಉಳಿದಿರುತ್ತದೆ. ಹಾಗಾಗಿ ‘5 ಮೀಟರಿಗೆ ಕೆಂಪಿಲ್ಲ’ ಎಂಬುದು ಸರಿಯಲ್ಲ. 18 ಇದೆ. ಆ 18ನ್ನು ಹೇಗೆ ಕಾಪಾಡಿಕೊಳ್ಳುತ್ತೀರಿ ಎಂಬುದರ ಮೇಲೆ ಚಿತ್ರ ನಿಂತಿದೆ.

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರ. ಪಟದಲ್ಲಿ ಆಳ ಮಾತ್ರ ಇದೆ, ದೂರ ಇಲ್ಲ. ಬೆಳಕು ಮೇಲಿನಿಂದ ಇಳಿದು ಮೀನಿಗೆ ಬಡಿದು ಅಲ್ಲೇ ನಿಲ್ಲುವುದಿಲ್ಲ. ಅಲ್ಲಿಂದ ಕ್ಯಾಮೆರಾದವರೆಗೂ ನೀರಿನಲ್ಲೇ ನಡೆದು ಬರಬೇಕು. ಆ ನಡಿಗೆಗೂ ಅದೇ ದರದಲ್ಲಿ ಸುಂಕ. 5 ಮೀಟರ್ ಆಳದಲ್ಲಿರುವ ಹವಳವನ್ನು 3 ಮೀಟರ್ ದೂರದಿಂದ ತೆಗೆದರೆ ಬೆಳಕಿನ ಒಟ್ಟು ಪ್ರಯಾಣ 8 ಮೀಟರ್. ಉಳಿಯುವ ಕೆಂಪು 7ಕ್ಕೂ ಕಡಿಮೆ. ಅದನ್ನೇ ಅರ್ಧ ಮೀಟರಿನಿಂದ ತೆಗೆದರೆ ಪ್ರಯಾಣ ಐದೂವರೆ ಮೀಟರ್, ಉಳಿಯುವುದು 15. ಒಂದು ರೂಪಾಯಿಯ ಸಲಕರಣೆ ಕೊಳ್ಳದೆ ಕೆಂಪು ಎರಡು ಪಟ್ಟಿಗಿಂತ ಹೆಚ್ಚಾಯಿತು. ನೀರಡಿಯ ಬಣ್ಣದ ಬಗ್ಗೆ ಹೊಸಬರಿಗೆ ಒಂದೇ ಮಾತು ಹೇಳುವುದಿದ್ದರೆ ಇದನ್ನೇ ಹೇಳಬೇಕು: ಹತ್ತಿರ ಹೋಗಿ, ಹತ್ತಿರ ಹೋಗಿದ್ದೇವೆ ಅನ್ನಿಸಿದ ಮೇಲೆ ಇನ್ನೂ ಸ್ವಲ್ಪ ಹೋಗಿ. ದೂರದಿಂದ ಜೂಮ್ ಮಾಡಿದರೆ ಮೀನು ದೊಡ್ಡದಾಗುತ್ತದೆ, ನಡುವಿನ ನೀರು ಒಂದು ಇಂಚೂ ಕಡಿಮೆಯಾಗುವುದಿಲ್ಲ. ನುರಿತವರು ನೀರಿನಲ್ಲಿ ವೈಡ್ ಲೆನ್ಸ್ ಬಳಸುವುದು ನೋಟ ಅಗಲವಾಗಲಿ ಎಂದಷ್ಟೇ ಅಲ್ಲ. ಅಂಥ ಲೆನ್ಸಿನಲ್ಲಿ ಹತ್ತಿರ ಹೋಗಿಯೂ ಇಡೀ ಹವಳ ಚೌಕಟ್ಟಿನೊಳಗೆ ಬರುತ್ತದೆ.

ಆದರೆ ‘ಹತ್ತಿರ ಹೋಗಿ’ ಎಂಬ ಸಲಹೆಯ ಜೊತೆ ಒಂದು ಷರತ್ತು ಸೇರಬೇಕು. ದಿಮಾನಿಯತ್ 1996ರಿಂದ ಸಂರಕ್ಷಿತ ಪ್ರದೇಶ. ಆಮೆಗಳು ಮೊಟ್ಟೆಯಿಡಲು ಬರುವ ಜಾಗ. ಅಲ್ಲಿ ಆಮೆಯ ಬೆನ್ನು ಹತ್ತಿ ಅರ್ಧ ಮೀಟರಿಗೆ ತಲುಪಿದರೆ ಬಣ್ಣ ಬರುತ್ತದೆ, ಆದರೆ ಚಿತ್ರದಲ್ಲಿ ಬರುವುದು ಓಡುತ್ತಿರುವ ಪ್ರಾಣಿಯ ಹಿಂಭಾಗ. ನೀರಿನಲ್ಲಿ ಮೇಲಕ್ಕೂ ಏರದೆ ಕೆಳಕ್ಕೂ ಇಳಿಯದೆ, ರೆಕ್ಕೆಗಾಲಿನಿಂದ ಮರಳೆಬ್ಬಿಸದೆ, ಹವಳಕ್ಕೆ ಕೈ ಊರದೆ ನಿಲ್ಲಲು ಬರುವವನ ಹತ್ತಿರಕ್ಕೆ ಮೀನು ತಾನಾಗಿ ಬರುತ್ತದೆ. ಬಣ್ಣದ ಮೊದಲ ಪಾಠ ಕ್ಯಾಮೆರಾದ್ದಲ್ಲ, ಉಸಿರಿನದು. ಕ್ಯಾಮೆರಾದ ಕೈಪಿಡಿಗಳು ಈ ಮಾತನ್ನು ಹೇಳುವುದಿಲ್ಲ.

ಇನ್ನುಳಿದ ಉಪಾಯಗಳು ಇದರ ಹಿಂದೆ ಬರುತ್ತವೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ, ಸೂರ್ಯ ನೆತ್ತಿಯ ಮೇಲಿರುವಾಗ, 2-3 ಮೀಟರ್ ಆಳದಲ್ಲಿ, ಬಿಸಿಲು ನಿಮ್ಮ ಬೆನ್ನಿಗಿರುವಂತೆ ನಿಂತು ತೆಗೆದರೆ ಸಾಮಾನ್ಯ ಆಕ್ಷನ್ ಕ್ಯಾಮೆರಾವೂ ಬಣ್ಣ ಕೊಡುತ್ತದೆ. ಹೊಸಬರಿಗೆ ಸ್ನಾರ್ಕೆಲ್ ಸಾಕು. ಆಳಕ್ಕೆ ಹೋದಷ್ಟೂ ಒಳ್ಳೆಯ ಚಿತ್ರ ಎಂಬುದು ಭ್ರಮೆ. ಕ್ಯಾಮೆರಾದಲ್ಲಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಇದ್ದರೆ ಬಿಳಿ ಸ್ಲೇಟನ್ನೋ, ಇಲ್ಲವಾದರೆ ತಿಳಿ ಮರಳನ್ನೋ ತೋರಿಸಿ ‘ಈ ಆಳದಲ್ಲಿ ಇದು ಬಿಳಿ’ ಎಂದು ಹೇಳಿಕೊಡಬಹುದು. ಆಳ ಎರಡು-ಮೂರು ಮೀಟರ್ ಬದಲಾದಂತೆಲ್ಲ ಮತ್ತೆ ಹೇಳಿಕೊಡಬೇಕು. ನಿನ್ನೆಯ ವಿನಿಮಯ ದರದಲ್ಲಿ ಇಂದಿನ ರಿಯಾಲ್ ಲೆಕ್ಕ ಹಾಕಿದ ಹಾಗಾಗಬಾರದಲ್ಲ!

ಕೆಂಪು ಫಿಲ್ಟರ್ ಎಂಬ ಗಾಜಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಅದು ಕೆಂಪನ್ನು ಸೇರಿಸುವುದಿಲ್ಲ. ನೀಲಿ ಹಸಿರುಗಳನ್ನು ಕಡಿತ ಮಾಡಿ, ಉಳಿದ ಕೆಂಪನ್ನು ಅವುಗಳ ಸಮಕ್ಕೆ ನಿಲ್ಲಿಸುತ್ತದೆ. ಮೊದಲೇ ಕಡಿಮೆ ಇರುವ ಬೆಳಕು ಇನ್ನೂ ಕಡಿಮೆಯಾಗುತ್ತದೆ. ನೀರಿನ ಮೇಲ್ಪದರದಲ್ಲಿ ಅದು ಬೇಡ. ತೀರಾ ಆಳದಲ್ಲಿ ಸಮ ಮಾಡಲು ಕೆಂಪೇ ಇಲ್ಲದ್ದರಿಂದ ಅಲ್ಲೂ ವ್ಯರ್ಥ. ನಡುವಿನ ಕೆಲವು ಮೀಟರುಗಳಲ್ಲಿ, ನೀಲಿ ನೀರಿನಲ್ಲಿ, ಬಿಸಿಲಿರುವಾಗ ಮಾತ್ರ ಅದಕ್ಕೆ ಕೆಲಸ. ಹಸಿರು ನೀರಿಗೆ ಬೇಕಾಗುವುದು ನೇರಳೆಗೆಂಪು ಛಾಯೆಯ ಬೇರೆ ಫಿಲ್ಟರ್. ಫ್ಲ್ಯಾಶ್ ಬಳಸುವಾಗ ಎರಡನ್ನೂ ತೆಗೆದಿಡಬೇಕು.

ಫ್ಲ್ಯಾಶ್‌ನದು ಬೇರೆಯೇ ಲೆಕ್ಕ. ಅದು ಇಡೀ ಕಾಮನಬಿಲ್ಲನ್ನು ಆಳಕ್ಕೆ ಹೊತ್ತೊಯ್ಯುತ್ತದೆ. ಆದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸುಂಕ ಕಟ್ಟಬೇಕು. ಅರ್ಧ ಮೀಟರ್ ದೂರದ ಮೀನಿಗೆ ಒಟ್ಟು ಪ್ರಯಾಣ 1 ಮೀಟರ್, ಉಳಿಯುವ ಕೆಂಪು 71. 1 ಮೀಟರ್ ದೂರಕ್ಕೆ 51, 2 ಮೀಟರಿಗೆ 26, 3 ಮೀಟರಿಗೆ 13. ಫ್ಲ್ಯಾಶ್ ಕೊಂಡವರು ‘ಬಣ್ಣ ಬರಲಿಲ್ಲ’ ಎನ್ನುವಾಗ ನಾನು ಕೇಳುವುದು ಫ್ಲ್ಯಾಶಿನ ಬೆಲೆಯನ್ನಲ್ಲ, ಮೀನು ಎಷ್ಟು ದೂರವಿತ್ತು ಎಂಬುದನ್ನು. ಲೆನ್ಸಿನ ಪಕ್ಕದಲ್ಲೇ ಬೆಳಕು ಇಟ್ಟರೆ ನಡುವಿನ ನೀರಿನಲ್ಲಿ ತೇಲುವ ಕಣಗಳೆಲ್ಲ ಮಂಜಿನ ಹನಿಯಂತೆ ಹೊಳೆದು ಚಿತ್ರ ಹಾಳಾಗುತ್ತದೆ. ತೋಳುಗಳ ಮೇಲೆ ಪಕ್ಕಕ್ಕೆ ದೂರವಿಟ್ಟು, ಓರೆಯಾಗಿ ಬೆಳಗಿಸಬೇಕು.

ಇಷ್ಟು ಲೆಕ್ಕ ಕೈಯಲ್ಲಿದ್ದರೆ ಹಳೆಯ ಚಿತ್ರಗಳನ್ನು ನೋಡುವ ಕಣ್ಣೇ ಬದಲಾಗುತ್ತದೆ. ಫ್ರಾನ್ಸಿನ ಲೂಯಿ ಬುತಾನ್ 1890ರ ದಶಕದಲ್ಲಿ ಬಾನ್ಯೂಲ್ಸ್ ಕಡಲತೀರದಲ್ಲಿ ನೀರಡಿಯ ಫೋಟೊ ತೆಗೆದಾಗ ಬಣ್ಣದ ಪ್ರಶ್ನೆಯೇ ಇರಲಿಲ್ಲ, ಬೆಳಕಿನದೇ ಗೋಳು. ಪೀಪಾಯಿಯ ಮೇಲೆ ಸ್ಪಿರಿಟ್ ದೀಪ ಉರಿಸಿ, ಅದಕ್ಕೆ ಮೆಗ್ನೀಸಿಯಂ ಪುಡಿ ಊದಿ ಬೆಳಕು ಮಾಡುತ್ತಿದ್ದರು. 1926ರಲ್ಲಿ ಅಮೆರಿಕದ ಫ್ಲಾರಿಡಾದಾಚೆಯ ಡ್ರೈ ಟಾರ್ಟುಗಾಸ್‌ನಲ್ಲಿ ಮೀನುತಜ್ಞ ವಿಲಿಯಂ ಲಾಂಗ್ಲಿ ಮತ್ತು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಛಾಯಾಗ್ರಾಹಕ ಚಾರ್ಲ್ಸ್ ಮಾರ್ಟಿನ್ ಮೊದಲ ಬಣ್ಣದ ಚಿತ್ರಗಳನ್ನು ತೆಗೆದರು. 1927ರ ಜನವರಿಯಲ್ಲಿ ಅವು ಆ ಪತ್ರಿಕೆಯಲ್ಲಿ ಅಚ್ಚಾದವು. ಆಲೂಗಡ್ಡೆಯ ಗಂಜಿಕಣಗಳಿಗೆ ಬಣ್ಣ ಕಟ್ಟಿ ತಯಾರಿಸುತ್ತಿದ್ದ ಆಟೋಕ್ರೋಮ್ ಎಂಬ ಗಾಜಿನ ಫಲಕ. ನೀರಿನ ಮೇಲೆ ತೆಪ್ಪ, ತೆಪ್ಪದ ಮೇಲೆ ಸಿಡಿಯುವ ಮೆಗ್ನೀಸಿಯಂ. ಅವರ ಹಾಗ್‌ಫಿಶ್ ಚಿತ್ರವನ್ನು ಇಂದು ನೋಡಿದರೆ ಬಣ್ಣ ಮಾಸಲು, ಅಂಚು ಮಬ್ಬು. ಆದರೂ ಅದು ನನ್ನ ಮಟ್ಟಿಗೆ ಟ್ರೂ ಅಂಡ್ ಫೇರ್. ಮೀನು ನೀರಿನೊಳಗಿದೆ, ಸುತ್ತಲ ನೀರು ನೀರಿನಂತಿದೆ, ಸಿಕ್ಕಿದಷ್ಟೇ ಬಣ್ಣವನ್ನು ತೋರಿಸಿದೆ.

1956ರಲ್ಲಿ ಝಾಕ್ ಕೂಸ್ಟೋ ಮತ್ತು ಲೂಯಿ ಮಾಲ್ ಅವರ ‘ದಿ ಸೈಲೆಂಟ್ ವರ್ಲ್ಡ್’ ಬಂತು. ಕಾನ್ ಉತ್ಸವದಲ್ಲಿ ಪಾಮ್ ದೋರ್ ಪಡೆದ ಸಾಕ್ಷ್ಯಚಿತ್ರ, ಆಸ್ಕರ್ ಕೂಡ ಪಡೆಯಿತು. ಉರಿಯುವ ಪಂಜು ಹಿಡಿದು ಮುಳುಗುಗಾರರು ನೀಲಿಯೊಳಗೆ ಇಳಿಯುವ ಅದರ ಮೊದಲ ದೃಶ್ಯ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಬಣ್ಣದ ವಿಚಾರದಲ್ಲಿ ಈ ಚಿತ್ರದ ಒಂದು ಗುಣವನ್ನು ಯಾರೂ ಸಾಕಷ್ಟು ಮೆಚ್ಚಿಲ್ಲ ಎನ್ನಿಸುತ್ತದೆ. ಅದು ತನ್ನ ದೀಪವನ್ನು ಮುಚ್ಚಿಡುವುದಿಲ್ಲ. ದೀಪ ಬಿದ್ದ ಜಾಗದಲ್ಲಿ ಕೆಂಪು ಎದ್ದು ಬರುತ್ತದೆ, ಬೀಳದಲ್ಲಿ ನೀಲಿ ಹಾಗೇ ಇರುತ್ತದೆ. ಈ ಬಣ್ಣವನ್ನು ನಾವು ತಂದೆವು, ಇಲ್ಲಿಗೆ ಬರುವ ಸೂರ್ಯ ತಂದದ್ದಲ್ಲ ಎಂಬುದು ನೋಡುಗನಿಗೆ ಗೊತ್ತಾಗುತ್ತದೆ. ಲೆಕ್ಕದ ಭಾಷೆಯಲ್ಲಿ ಇದು ಬಹಿರಂಗಪಡಿಸುವಿಕೆ. ಆದರೆ ಅದೇ ಚಿತ್ರದಲ್ಲಿ ಮೀನುಗಳ ಎಣಿಕೆಗೆಂದು ಹವಳದ ದಿಬ್ಬಕ್ಕೆ ಡೈನಮೈಟ್ ಇಡುತ್ತಾರೆ. ಹಡಗಿಗೆ ಸಿಕ್ಕಿ ಗಾಯಗೊಂಡ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕುಗಳನ್ನು ಡೆಕ್ಕಿನ ಮೇಲೆಳೆದು ಬಡಿದು ಕೊಲ್ಲುತ್ತಾರೆ. ಬೆಳಕಿನ ವಿಷಯದಲ್ಲಿ ಅಷ್ಟು ಪ್ರಾಮಾಣಿಕವಾದ ಕಣ್ಣು ಜೀವದ ವಿಷಯದಲ್ಲಿ ಅಷ್ಟು ಕುರುಡಾಗಬಹುದು ಎಂಬುದನ್ನು ಆ ಚಿತ್ರದಿಂದಲೇ ಕಲಿಯಬೇಕು. ಕೂಸ್ಟೋ 1953ರಲ್ಲಿ ಫ್ರೆಡರಿಕ್ ಡ್ಯೂಮಾ ಜೊತೆ ಬರೆದ ಅದೇ ಹೆಸರಿನ ಪುಸ್ತಕದಲ್ಲಿ ಆಳದಲ್ಲಿ ಗಾಯಗೊಂಡ ಮೀನಿನ ರಕ್ತ ಹಸಿರಾಗಿ ಕಂಡ ಪ್ರಸಂಗವಿದೆ. ರಕ್ತ ಹಸಿರಾಗಿ ಕಾಣುವ ಲೋಕದಲ್ಲಿ ಕೊಲೆಯೂ ಬೇರೆ ಥರ ಕಂಡಿತೋ ಏನೋ.

ಇದರ ಎದುರು ಡೇವಿಡ್ ಡೂಬಿಲೆ ಅವರ 1987ರ ಚಿತ್ರವೊಂದನ್ನು ಇಡುತ್ತೇನೆ. ಪಾಪುವಾ ನ್ಯೂಗಿನಿಯಲ್ಲಿ ಬರಾಕುಡಾ ಮೀನುಗಳ ಹಿಂಡು ಒಬ್ಬ ಮುಳುಗುಗಾರ್ತಿಯ ಸುತ್ತ ಬಳೆಯಂತೆ ವೃತ್ತ ಕಟ್ಟಿದೆ. ನೀಲಿ, ಬೆಳ್ಳಿ, ನೆರಳು, ಅಷ್ಟೇ. ಕೆಂಪು ಇಲ್ಲ, ಕೆಂಪಿಲ್ಲ ಎಂಬ ಕೊರತೆಯೂ ಇಲ್ಲ. ಬಣ್ಣ ಹೇಗೆ ತರುವುದು ಎಂದು ಕೇಳುವ ಹೊಸಬರಿಗೆ ನಾನು ಈ ಚಿತ್ರ ತೋರಿಸುತ್ತೇನೆ. ಆಕಾರದಿಂದ ನಿಲ್ಲಬಲ್ಲ ದೃಶ್ಯಕ್ಕೆ ಬಣ್ಣದ ಹಂಗು ಬೇಡ. ದೂರದ ಹಿಂಡು, ಹಡಗಿನ ಅವಶೇಷ, ನೆತ್ತಿಯ ಬಿಸಿಲಿಗೆ ಎದುರಾಗಿ ತೇಲುವ ತೊರಕೆ ಮೀನು, ಇವುಗಳಿಗೆ ಕೆಂಪು ತುಂಬಲು ಹೋಗುವುದು ಕಪ್ಪು ಕಂಬಳಿಗೆ ಜರಿ ಹಚ್ಚಿದ ಹಾಗೆ.

ಈಗಿನ ಚಿತ್ರಗಳ ರೋಗ ಬೇರೆ. ಬಣ್ಣ ಸಿಕ್ಕದೆ ಹೋದರೂ ಮನೆಗೆ ಬಂದು ಒಂದು ಗುಂಡಿ ಒತ್ತಿದರೆ ಬರುತ್ತದೆ. ಗುಂಡಿ ಏನು ಮಾಡುತ್ತದೆ? 100ರಲ್ಲಿ 7 ಉಳಿದಿದ್ದ ಕೆಂಪನ್ನು ಹದಿನೈದರಿಂದ ಗುಣಿಸುತ್ತದೆ. ಆ 7ರ ಜೊತೆ ಸೆನ್ಸರಿನ ಕಸವೂ ಹದಿನೈದು ಪಟ್ಟಾಗುತ್ತದೆ; ನೆರಳಿನಲ್ಲಿ ಕೆಂಪು ಮರಳು ಚೆಲ್ಲಿದಂತೆ ಚುಕ್ಕೆಗಳು, ನೀಲಿ ನೀರಿನಲ್ಲಿ ನೇರಳೆ ಕಲೆ, ಮುಳುಗುಗಾರನ ಮುಖ ಟೊಮೆಟೊ. ಜೆಪೆಗ್ ಕಡತದಲ್ಲಿ ಒಂದು ಬಣ್ಣಕ್ಕೆ ಇರುವುದೇ 256 ಮೆಟ್ಟಿಲು; ಅದರ ತಳದ ಹದಿನೈದಿಪ್ಪತ್ತು ಮೆಟ್ಟಿಲಲ್ಲಿ ಕೂತಿರುವ ಕೆಂಪನ್ನು ಎಳೆದರೆ ಹರಿಯುತ್ತದೆ. 14 ಬಿಟ್‌ನ ರಾ ಕಡತದಲ್ಲಿ 16,384 ಮೆಟ್ಟಿಲು ಇರುವುದರಿಂದ ಎಳೆತಕ್ಕೆ ಸ್ವಲ್ಪ ತಡೆಯುತ್ತದೆ. ಹೊಸಬರು ರಾ ಕಡತದಲ್ಲಿ ತೆಗೆಯಲಿ ಎಂದು ಹೇಳುವುದು ಇದಕ್ಕೇ. ಆದರೆ ರಾ ಕೂಡ ಇಲ್ಲದ್ದನ್ನು ಹುಟ್ಟಿಸಲಾರದು. ವೋಚರ್ ಇರುವ ಖರ್ಚನ್ನು ಸರಿಯಾದ ಖಾತೆಗೆ ಹಾಕುವುದು ತಿದ್ದುಪಡಿ; ವೋಚರೇ ಇಲ್ಲದೆ ಎಂಟ್ರಿ ಹಾಕುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ. 20 ಮೀಟರ್ ಆಳದಲ್ಲಿ, ದೀಪವಿಲ್ಲದೆ, 4 ಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ ದಾಸವಾಳದ ಕೆಂಪು ಕಂಡರೆ ಅದು ಆ ಹೆಸರಿನದೇ.

2019ರಲ್ಲಿ ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದಿಂದ ದೆರ್ಯಾ ಅಕ್ಕೈನಾಕ್ ಮತ್ತು ತಾಲಿ ತ್ರೈಬಿತ್ಸ್ ಪ್ರಕಟಿಸಿದ ‘ಸೀ-ಥ್ರೂ’ ಎಂಬ ವಿಧಾನವನ್ನು ನಾನು ಈ ಗುಂಡಿಗಳ ಸಾಲಿಗೆ ಸೇರಿಸುವುದಿಲ್ಲ. ಅದು ಊಹಿಸುವುದಿಲ್ಲ, ಲೆಕ್ಕ ಹಾಕುತ್ತದೆ. ಒಂದೇ ಜಾಗದ ಹಲವು ಚಿತ್ರಗಳಿಂದ ಪ್ರತಿ ಬಿಂದುವಿನ ದೂರ ಕಂಡುಕೊಂಡು, ಆ ದೂರದಲ್ಲಿ ನೀರು ಎಷ್ಟು ಬಣ್ಣ ಹೀರಿತು, ಎಷ್ಟು ಮಬ್ಬು ಸೇರಿಸಿತು ಎಂದು ಬೇರೆ ಬೇರೆಯಾಗಿ ಅಳೆದು ಹಿಂದಿರುಗಿಸುತ್ತದೆ. ಪಟದಲ್ಲಿ ಇಲ್ಲದ ಆ ದೂರವೇ ಇಲ್ಲಿ ಮುಖ್ಯ ಆಧಾರ. ಹವಳದ ಆರೋಗ್ಯ ನೋಡುವ ವಿಜ್ಞಾನಿಗೆ ಇದು ವರ. ಆದರೆ ಚಿತ್ರವಾಗಿ ನೋಡಿದಾಗ ನನಗೆ ಒಂದು ಕಸಿವಿಸಿ: ಹವಳ ಅಂಗಳದಲ್ಲಿ ಒಣಹಾಕಿದ ಹಾಗೆ ಕಾಣುತ್ತದೆ. ನೀರಿನ ಚಿತ್ರದಿಂದ ನೀರನ್ನೇ ತೆಗೆದ ಮೇಲೆ ಅಲ್ಲಿಗೆ ಹೋಗಿ ಬಂದದ್ದಕ್ಕೆ ಸಾಕ್ಷಿ ಏನುಳಿಯಿತು?

ನೀಲಿ ಎಂಬುದು ಕೊಳೆಯಲ್ಲ, ತೊಳೆದು ತೆಗೆಯಬೇಕಾದ್ದಲ್ಲ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್, ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಎಂಬ ಅಂದಿನ ದೊಡ್ಡವರ ಮಾತನ್ನು ಒಪ್ಪದೆ, ನಿಕೋಲ್ ಪ್ರಿಸ್ಮ್‌ನಿಂದ ಆ ಪ್ರತಿಬಿಂಬವನ್ನು ಅಡಗಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ಅದು ಸಾಲ ತಂದ ಬಣ್ಣವಲ್ಲ, ನೀರಿನ ಸ್ವಂತ ಆಸ್ತಿ. ಮುಂದೆ ಬೆಂಗಳೂರಿನವರೇ ಆಗಿಹೋದ ರಾಮನ್ನರ ಆ ಪಾಠ ನೀರಡಿಯ ಛಾಯಾಗ್ರಾಹಕರಿಗೂ ಬೇಕು.

ಹಸಿರಿಗಂತೂ ಇನ್ನೂ ಅನ್ಯಾಯವಾಗಿದೆ. ಡೈವಿಂಗ್ ಚಿತ್ರಗಳ ‘ಒಳ್ಳೆಯ ನೀರು’ ಎಂಬ ಕಲ್ಪನೆ ಮಾಲ್ಡೀವ್ಸ್, ಕೆಂಪು ಸಮುದ್ರ, ಮೆಡಿಟರೇನಿಯನ್ನಿನ ಪಾರದರ್ಶಕ ನೀಲಿಯಿಂದ ಬಂದದ್ದು. ಮಸ್ಕತ್ತಿನ ನೀರು ಬೇಸಿಗೆಯಲ್ಲಿ ಹಸಿರಾಗುತ್ತದೆ. ಮುರ್ಡೇಶ್ವರದಾಚೆ ನೇತ್ರಾಣಿಯ ಸುತ್ತಲ ನೀರೂ ಬಹಳ ದಿನ ಹಸಿರೇ. ಅಂಥ ನೀರಿನಲ್ಲಿ ತೆಗೆದ ಚಿತ್ರಗಳನ್ನು ಎಳೆದೆಳೆದು ನೀಲಿ ಮಾಡುವುದು ಈಗಿನ ವಾಡಿಕೆ. ಆದರೆ ಆ ಹಸಿರು ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಜೀವಿಗಳು. ಮಳೆಗಾಲದ ಗಾಳಿಗೆ ತಳದ ತಣ್ಣನೆಯ ಸತ್ವದ ನೀರು ಮೇಲೆ ಬಂದಾಗ ಅವು ಹುಲುಸಾಗಿ ಬೆಳೆಯುತ್ತವೆ, ಅದರಿಂದ ಭೂತಾಯಿ, ಬಂಗುಡೆ, ಅವುಗಳಿಂದ ಅಂಜಲ್, ಅವುಗಳಿಂದ ನಮ್ಮ ಕರಾವಳಿಯ ಊಟ. ಪಾರದರ್ಶಕ ನೀಲಿ ಹೆಚ್ಚಾಗಿ ಬಡ ನೀರು, ಹಸಿರು ಫಸಲಿನ ನೀರು. ನೇತ್ರಾಣಿಯನ್ನು ಮಾಲ್ಡೀವ್ಸ್ ಮಾಡಲು ಹೋದವನು ಒಂದು ಕಡಲಿನ ಗುರುತನ್ನೇ ಅಳಿಸುತ್ತಾನೆ. ಹಸಿರನ್ನು ಉಳಿಸಿ, ಹತ್ತಿರದ ಮೀನಿಗೆ ಮಾತ್ರ ಬೆಳಕು ಕೊಟ್ಟು ತೆಗೆದ ನೇತ್ರಾಣಿಯ ಒಳ್ಳೆಯ ಚಿತ್ರ ನನ್ನ ಮಟ್ಟಿಗೆ ನೂರು ಹುಸಿ ನೀಲಿಗಿಂತ ಮೇಲು.

ಇಲ್ಲಿ ಪಣಕ್ಕಿರುವುದು ಅಂದಚೆಂದ ಮಾತ್ರವಲ್ಲ. ನೀರು ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳದ ಚಿತ್ರಕ್ಕೆ ಅದೇ ಗುಂಡಿ ಒತ್ತಿದರೆ ಬಿಳಿಯ ಮೇಲೆ ಹೊಂಬಣ್ಣ ಏರಿ ಆರೋಗ್ಯವಂತ ದಿಬ್ಬದಂತೆ ಕಾಣುವುದುಂಟು. ಸಾಯುತ್ತಿರುವುದನ್ನು ನಳನಳಿಸುವಂತೆ ತೋರಿಸುವ ಲೆಕ್ಕಪತ್ರಗಳನ್ನು ನನ್ನ ವೃತ್ತಿಯಲ್ಲಿ ಓದಿ ಬಲ್ಲೆ; ಅದರ ಕೊನೆ ಏನಾಗುತ್ತದೆ ಎಂಬುದನ್ನೂ ಬಲ್ಲೆ. ಊರಿನಲ್ಲಿ ಅಮ್ಮ ಮೀನು ಕೊಳ್ಳುವಾಗ ಮಾರುವವಳ ಮಾತು ಕೇಳುವುದಿಲ್ಲ, ಕಿವಿರು ಎತ್ತಿ ಕೆಂಪು ನೋಡುತ್ತಾಳೆ. ಕೆಂಪು ಅವಳಿಗೆ ಅಲಂಕಾರವಲ್ಲ, ಪುರಾವೆ. ನನ್ನ ಚಿತ್ರವೊಂದನ್ನು ಫೋನಿನಲ್ಲಿ ನೋಡಿ ಅವಳು ಕೇಳಿದ್ದು ಇಷ್ಟೇ: “ನೀರಡಿಯಂಗೆ ಇಷ್ಟ್ ಬಣ್ಣ ಇತ್ತಾ ಮಗಾ?” ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ವಿಮರ್ಶೆಯ ಪ್ರಶ್ನೆಯನ್ನು ನಾನು ಓದಿಲ್ಲ. ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಬಣ್ಣ ಮೀನಿನ ಮೈಮೇಲಿದೆ, ಅಲ್ಲಿಗೆ ಇಳಿದವನ ಕಣ್ಣಿಗೆ ಇಲ್ಲ. ದೀಪ ಒಯ್ದರೆ ಮಾತ್ರ ಎರಡೂ ಕೂಡುತ್ತವೆ.

ಕಡಲಾಚೆ ಇರುವ ನಮಗೆ ಈ ಪ್ರಶ್ನೆ ಇನ್ನೊಂದು ರೀತಿಯಲ್ಲೂ ತಾಗುತ್ತದೆ. ಊರಿಗೆ ಕಳುಹಿಸುವ ನಮ್ಮ ಚಿತ್ರಗಳೆಲ್ಲ ಸ್ವಲ್ಪ ಬಣ್ಣ ಏರಿಸಿದವೇ. ಬಾಡಿಗೆ ಮನೆಯ ಕಿಟಕಿಗಿಂತ ಕಾರ್ನಿಶ್‌ನ ಸಂಜೆ ಹೆಚ್ಚು ಹೋಗುತ್ತದೆ, ಆಫೀಸಿನ ಟ್ಯೂಬ್‌ಲೈಟಿಗಿಂತ ರಾಜ್ಯೋತ್ಸವದ ರೇಷ್ಮೆ ಸೀರೆ ಹೆಚ್ಚು ಹೋಗುತ್ತದೆ. ಇದರಲ್ಲಿ ಮೋಸವಿಲ್ಲ, ಆ ಸಂಜೆಯೂ ಆ ಸೀರೆಯೂ ನಿಜವೇ. ಆದರೆ ಬರೀ ಅವನ್ನೇ ನೋಡಿ, ಬ್ಯಾಂಕಿನಲ್ಲಿ ಸಾಲ ಮಾಡಿ ಇಲ್ಲಿಗೆ ಹೊರಡುವ ಊರಿನ ಹುಡುಗನಿಗೆ ಅದು ಫೇರ್ ಆದ ಚಿತ್ರವೇ ಎಂಬುದು ಬೇರೆ ಪ್ರಶ್ನೆ. ಅವನಿಗೆ ಬೆಳಕಿನ ವೃತ್ತದ ಅಂಚೂ ಕಾಣಬೇಕು, ಆಚೆಯ ನೀಲಿಯೂ ಕಾಣಬೇಕು.

ಹಾಗಾದರೆ ಎಷ್ಟು ತಿದ್ದಬಹುದು? ಲೆಕ್ಕಪತ್ರಗಳ ಕೊನೆಯಲ್ಲಿ ಟಿಪ್ಪಣಿಗಳಿರುತ್ತವೆ. ಯಾವ ಪದ್ಧತಿ ಅನುಸರಿಸಿದೆವು, ಏನನ್ನು ಬದಲಿಸಿದೆವು ಎಂದು ಅಲ್ಲಿ ಹೇಳುತ್ತೇವೆ. ಸಲೀಸಾಗಿ ಓದುವವರು ಅದನ್ನು ಹಾರಿಸುತ್ತಾರೆ, ತಿಳಿದವರು ಅದನ್ನೇ ಮೊದಲು ಓದುತ್ತಾರೆ. ನೀರಡಿಯ ಚಿತ್ರಕ್ಕೂ ಒಂದು ಸಾಲಿನ ಟಿಪ್ಪಣಿ ಇರಲಿ: ಆಳ ಎಷ್ಟು, ದೂರ ಎಷ್ಟು, ಬೆಳಕು ಯಾರದು, ಬಣ್ಣ ತಿದ್ದಿದ್ದೆಷ್ಟು. ‘7 ಮೀಟರ್ ಆಳ, ಅರ್ಧ ಮೀಟರ್ ದೂರ, ಫ್ಲ್ಯಾಶ್ ಬೆಳಕು’ ಎಂದು ಬರೆದುಬಿಟ್ಟರೆ ಯಾವ ಕೆಂಪಿಗೂ ನಾಚಬೇಕಿಲ್ಲ. ಹೊಸಬರಿಗೆ ಇದರಿಂದ ಇನ್ನೊಂದು ಲಾಭವಿದೆ. ಹತ್ತು ಚಿತ್ರಕ್ಕೆ ಈ ಟಿಪ್ಪಣಿ ಬರೆದ ಮೇಲೆ ಬಣ್ಣ ಎಲ್ಲಿ ಸೋರುತ್ತಿದೆ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ. ದೂರದ ಅಂಕಿಯೇ ಹೇಳುತ್ತದೆ.

ಬಂಡೆಯ ಸಂದಿಗಳಲ್ಲಿ ಹಗಲೆಲ್ಲ ಅಡಗಿ ಕೂರುವ ದೊಡ್ಡ ಕಣ್ಣಿನ ಸೋಲ್ಜರ್ ಫಿಶ್ ಕಡುಗೆಂಪು. ಎಲ್ಲರ ಕಣ್ಣಿಗೆ ಬೀಳುವ ಬಣ್ಣ ಅದಕ್ಕೇಕೆ? ಕೆಂಪು ಬೆಳಕೇ ತಲುಪದ ಆಳದಲ್ಲಿ ಕೆಂಪು ಮೈ ಎಂದರೆ ಬೂದುಗಪ್ಪು ಮೈ, ನೆರಳಿನಲ್ಲಿ ನೆರಳು. ನಾವು ದೀಪ ಹಾಕಿ ‘ಎಷ್ಟು ಚೆಂದ’ ಎನ್ನುವ ಆ ಕೆಂಪು ಅದರ ಮಟ್ಟಿಗೆ ಮರೆಯುವ ಹೊದಿಕೆ. ದೀಪ ಹಾಕಬಾರದು ಎಂದು ನಾನು ಹೇಳುತ್ತಿಲ್ಲ, ನಾನೂ ಹಾಕುತ್ತೇನೆ. ಒಂದೆರಡು ಬಾರಿ ಮಿಂಚಿಸಿ, ಆಮೇಲೆ ದೀಪ ಆರಿಸಿ, ಕ್ಯಾಮೆರಾ ಕೆಳಗಿಳಿಸಿ, ಅದು ಇದ್ದ ಹಾಗೆ ಒಂದು ನಿಮಿಷ ನೋಡಿ ಎನ್ನುತ್ತೇನೆ. ಆ ಬೂದು ಬಣ್ಣವೂ ಲೆಕ್ಕಕ್ಕೆ ಸೇರಬೇಕಾದದ್ದೇ.